ಬೆಂಕಿ ಬೇರೆಯಾಗುವ ವರ್ಷ

ಬಿತ್ತನೆ ಆಲೂಗಡ್ಡೆಯ ಕಂಪನಿ ಕೊಟ್ಟ ಕ್ಯಾಲೆಂಡರಿನಲ್ಲಿ
ಮಾರ್ಚ್ ತಿಂಗಳ ಬೆನ್ನಿಗೆ
ಓನೆಸಿಮ್ ಒಂದು ಚೌಕ ಬರೆದಿದ್ದಾನೆ:
ಹನ್ನೆರಡಕ್ಕೆ ಹದಿನಾರು ಅಡಿ.

ಮೂವತ್ತೆಂಟು ಚಳಿಗಾಲ ನೆಲಮಾಳಿಗೆಯಲ್ಲಿ
ನಮ್ಮ ಜೊತೆಗೇ ಉಂಡು ಮಲಗಿದ ಬೆಂಕಿ
ಇನ್ನು ಬೇರೆ ಹೋಗುತ್ತದೆ.
ಜಗಳವೇನಿಲ್ಲ. ಪಾಲಿನ ಮಾತಿಲ್ಲ.
ಡಾಕ್ಟರಮ್ಮ ನನ್ನ ಬೆನ್ನಿನ ಸದ್ದು ಕೇಳಿ
ಹೊಗೆಯೋ ನೀವೋ, ಒಬ್ಬರು ಹೊರಗೆ ಅಂದಳು.
ಅಷ್ಟೆ.

ಹೊಳೆಯಾಚೆ ಕೆನಡಾ, ಈಚೆ ಮೇಯ್ನಿನ ತುತ್ತತುದಿ.
ಗಾಳಿಗೆ ಪಾಸ್‌ಪೋರ್ಟು ಬೇಡ,
ವಾಯವ್ಯದಿಂದ ನೇರ ದಾಟಿ ಬರುತ್ತದೆ.
ಹಾಗಾಗಿ ಚಿಮಣಿ ಮನೆಯ ಆಗ್ನೇಯಕ್ಕೆ,
ಮಾಡಿಗಿಂತ ಮೂರಡಿ ಎತ್ತರಕ್ಕೆ,
ರೊಜಾಲ್ಮಳ ಬಟ್ಟೆ ಒಣಗುವ ಹಗ್ಗ ತಪ್ಪಿಸಿ.

ಮೈದುನ ಲುಡ್ಜೆ ಬಂದ, ಕಾಫಿ ಕುಡಿದ,
ಎಂಬತ್ತಡಿ ದೂರವಿಡಿ ಅಂದ.
ಬೆಂಕಿಯ ವಿಷಯದಲ್ಲಿ ಎಲ್ಲರೂ ಮೇಸ್ತ್ರಿಗಳೇ.
ಎಂಬತ್ತಡಿ ಕೊಳವೆ ಯಾರಪ್ಪನ ಗಂಟು?
ಥಿಯೋಟಿಮ್ ಅಗ್ಗದ ಕೊಳವೆ ಹೂತ,
ಅವನ ಅಂಗಳದಲ್ಲಿ ಈಗ ಜನವರಿಗೂ
ಹಿಮದ ನಡುವೆ ಉದ್ದಕ್ಕೊಂದು ಹಸಿರು ಗೆರೆ.
ಜಿಂಕೆಗಳು ಬರುತ್ತವೆ, ಸಾಲಾಗಿ ನಿಂತು
ಅವನ ದುಡ್ಡು ಮೇಯ್ದು ಹೋಗುತ್ತವೆ.

ಇಪ್ಪತ್ತೇಳು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು.
ಹಿಮ ಎಲ್ಲಿ ಗುಡ್ಡೆ ಬೀಳುತ್ತದೆಂದು
ಸ್ಟೇರಿಂಗು ಹಿಡಿದ ಅಂಗೈಗೆ ಗೊತ್ತು.
ಬಡಗಣ ಬಾಗಿಲು ಬೇಡ, ಅಳಿಸು ಅಂದೆ.
ಬಾಗಿಲು ಒಳಕ್ಕೆ ತೆರೆಯಲಿ,
ರಾತ್ರೋರಾತ್ರಿ ಎದೆಮಟ್ಟ ಸುರಿದರೆ
ಹೊರಕ್ಕೆ ತಳ್ಳಲು ನೀನೇನು ಎತ್ತೇ?
ಅಗಲವನ್ನೂ ಈಗಲೇ ನೋಡಿಕೋ:
ಹೊಸಿಲು ದಾಟಿ ಬರುವ ಮದುವಣಗಿತ್ತಿ
ಒಂದೂವರೆ ಟನ್ನು ತೂಗುತ್ತಾಳೆ,
ಸೇರು ಒದೆಯುವವಳಲ್ಲ, ಗೋಡೆ ಒದೆಯುವವಳು.

ಅವನು ನಗಲಿಲ್ಲ. ಬರೆದುಕೊಂಡ.

ಕರೆಂಟು ಹೋದರೆ ಪಂಪು ನಿಲ್ಲುತ್ತದೆ,
ನೀರು ಕುದಿಯುತ್ತದೆ, ಬೆಂಕಿಗೆ ಅದು ತಿಳಿಯದು;
ಅದಕ್ಕೊಂದು ಬ್ಯಾಟರಿ, ಬ್ಯಾಟರಿಗೊಂದು ಗೂಡು.
ಎರಡು ವಾರದ ಸೌದೆಗೆ ಒಂದು ಮೂಲೆ,
ಮೇಪಲ್ಲು ಕೆಳಗೆ, ಬೀಚು ಮೇಲೆ, ಪಾಪ್ಲರು ಬೇಡವೇ ಬೇಡ.
ಬೂದಿಗೆ ತಗಡಿನ ಡಬ್ಬಿ, ಮುಚ್ಚಳದ್ದು.

ಒಂದು ರಾತ್ರಿ, ಸೊನ್ನೆಗೂ ಇಪ್ಪತ್ತೆರಡು ಕೆಳಗೆ,
ಅವನು ಮಲಗಿದ ಮೇಲೆ ಬೂಟು ಹಾಕಿಕೊಂಡು
ಹಿಂಬಾಗಿಲಿಂದ ಎಣಿಸುತ್ತ ನಡೆದೆ.
ಅವನ ಮಂಡಿಯ ಲೆಕ್ಕದಲ್ಲಿ, ಕುಂಟುತ್ತ.
ಮೂವತ್ತೊಂದು ಹೆಜ್ಜೆಗೆ ಮೂಗಿನೊಳಗಿನ ಕೂದಲು ಸೆಟೆಯಿತು.
ಅಲ್ಲೇ ಒಂದು ಕೋಲು ನೆಟ್ಟು ಬಂದೆ.
ಬೆಳಿಗ್ಗೆ ಅವನು ಕೋಲು ನೋಡಿ
ಏನೂ ಕೇಳದೆ ಚೌಕವನ್ನು ಹತ್ತಿರಕ್ಕೆ ಎಳೆದ.

ನಿನ್ನೆ ಕ್ಯಾಲೆಂಡರು ತಿರುವಿದಾಗ
ಚೌಕದೊಳಗೆ ಹೊಸದೊಂದು ಗುರುತು.
ನಾಲ್ಕು ಗೀಟು, ಒಂದು ಬೆನ್ನು.
ಕುರ್ಚಿ.

ತಮ್ಮ ಒರೇಲ್‌ನನ್ನು ಮಣ್ಣಿಗಿಟ್ಟ ವರ್ಷದಿಂದ
ಇವನು ಊಟವಾದೊಡನೆ ಕೆಳಗಿಳಿಯುತ್ತಾನೆ.
ನಾನು ಮೇಲೆ ತಟ್ಟೆ ತೊಳೆಯುತ್ತ ಕೇಳುತ್ತೇನೆ:
ಕಬ್ಬಿಣದ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ,
ಸೌದೆ ಬೀಳುವ ಸದ್ದಿಲ್ಲ.
ಆಮೇಲೆ ಮತ್ತೆ ತೆರೆಯುತ್ತದೆ.

ಬೇರೆ ಹೋಗುವುದು ಬೆಂಕಿಯೊಂದೇ ಅಂದುಕೊಂಡಿದ್ದೆ.

ಕನ್ನಡಕ ಏರಿಸಿ, ಅಳತೆಪಟ್ಟಿ ಇಟ್ಟು ನೋಡಿದೆ:
ಕುರ್ಚಿಗೂ ಒಲೆಯ ಬಾಯಿಗೂ ಒಂದೇ ಅಡಿ.
ಮೂರಡಿ ಬಿಡಬೇಕು ಅಂದೆ.
ವಿಮೆಯವನು ಒಪ್ಪುವುದಿಲ್ಲ.

ಅವನು ನನ್ನ ಮುಖ ನೋಡಿದ,
ಬಸ್ಸು ತಪ್ಪಿಸಿಕೊಂಡ ಹುಡುಗನ ಹಾಗೆ.
ಪೆನ್ಸಿಲು ಹೆರೆದ.
ತೆಂಕಣ ಗೋಡೆ ಅಳಿಸಿ ಎರಡಡಿ ಆಚೆಗೆಳೆದ.
ಹನ್ನೆರಡಕ್ಕೆ ಹದಿನೆಂಟು.
ಇನ್ನೂ ಹದಿನಾಲ್ಕು ಚೀಲ ಕಾಂಕ್ರೀಟು ಅಂದ.
ಆಗಲಿ ಅಂದೆ.