ಹಾಸಿಗೆ ಹಿಂಜಿದ ವಾರ

"ಸಾಕ್ಷಿ ಹೇಳಮ್ಮ ಜಯಶೀಲಾ," ಅಂದರು ಪಾಸ್ಟರ್ ದೇವದಾನ.
ಗುತ್ತಲು ರಸ್ತೆಯ ಶೀಟು ಮಾಡಿನ ಪ್ರಾರ್ಥನಾಲಯ,
ನಲವತ್ತು ಪ್ಲಾಸ್ಟಿಕ್ ಕುರ್ಚಿ, ಮೈಕಿಗೆ ಸುತ್ತಿದ ಕರ್ಚೀಫು.
ನಾಲ್ಕು ವರ್ಷದ ಮೇಲೆ ನನ್ನ ಕಾಲಲ್ಲಿ ನಾನೇ
ಬಾಗಿಲು ದಾಟಿ ಬಂದಿದ್ದೆ.
"ಯಾವ ದಿನ ವಾಸಿಯಾಯ್ತು, ಯಾವ ಗಳಿಗೆ,
ಅಷ್ಟು ಹೇಳು ಸಾಕು."

ಗಳಿಗೆ ಹುಡುಕುತ್ತ ನಿಂತೆ.
ನೆನಪಿಗೆ ಬಂದದ್ದು ಮೊನ್ನೆ ಮಂಗಳವಾರ,
ಹಿಂಜುವ ಬಿಲ್ಲು ಹೆಗಲಿಗೇರಿಸಿ ಬೀದಿಗೆ ಬಂದ ಇಮಾಮಣ್ಣ.
ಅತ್ತಿಗೆ ಎಸ್ತೇರಮ್ಮ ನನ್ನ ಹಾಸಿಗೆ ಎಳೆದು ತಂದು
ಅವನ ಮುಂದೆ ಹಾಕಿದಳು.
ನಡುವೆ ನನ್ನದೇ ಆಕಾರದ ತಗ್ಗು,
ಕೋಳಿ ಮೊಟ್ಟೆಯಿಡುವಷ್ಟು ಬೆಚ್ಚಗೆ.
ಹೊಲಿಗೆ ಬಿಚ್ಚಿ ನಾರಿ ಮೀಟಿದ, ಟೊಂಯ್.
ಹತ್ತಿಯ ಜೊತೆ ಹಾರಿ ಅಂಗಳಕ್ಕೆ ಬಿದ್ದವು
ಕೆಂಪು ಮಾತ್ರೆಗಳು.
"ಇದೇನವ್ವ, ಹಾಸ್ಗೆಗೂ ಕಾಯ್ಲೆನಾ?"
ಅತ್ತಿಗೆ ಕುಕ್ಕುರುಗಾಲಲ್ಲಿ ಕೂತು ಆಯ್ದಳು, ಎಣಿಸಿದಳು.
"ನಲವತ್ತೆಂಟು. ಇನ್ನೂ ಮೂರಿರ್ಬೇಕು, ಒದರಪ್ಪ."

ಅಂದರೆ ಅವಳಿಗೆ ಲೆಕ್ಕ ಗೊತ್ತಿತ್ತು.

ಮೈದಾನದ ಕೂಟ, ಕಣ್ಣು ಕುಕ್ಕುವ ದೀಪ.
ಅಣ್ಣ ನನ್ನನ್ನು ಹಲಗೆಯ ಮೇಲೆ ಹೊರಿಸಿಕೊಂಡು ಹೋಗಿದ್ದ.
ಎಲ್ಲಿಂದಲೋ ಬಂದ ಬೋಧಕ ಕೂಗಿದ:
ನಂಬಿದವಳಿಗೆ ಮಾತ್ರೆ ಯಾಕೆ?
ನಂಬಿದೆ. ಸುಳ್ಳಲ್ಲ, ಪೂರ್ತಿ ನಂಬಿದೆ.
ನನ್ನ ಬೆನ್ನುಮೂಳೆಯ ಕ್ಷಯವೂ
ಆ ಮಾತು ಕೇಳಿಸಿಕೊಂಡಿದೆ ಅಂದುಕೊಂಡೆ.
ಹದಿನೇಳು ದಿನ, ದಿನಕ್ಕೆ ಮೂರು,
ಅತ್ತಿಗೆ ಅತ್ತ ತಿರುಗಿದೊಡನೆ
ಹೊಲಿಗೆಯ ಸಂದಿಗೆ ತುರುಕಿದೆ.
ಹದಿನೆಂಟನೆಯ ದಿನ ಸಂಜೆ ಚಳಿಜ್ವರ ಮತ್ತೆ ಬಂತು.

ಕಂಡುಹಿಡಿದದ್ದು ಮಿಷನ್ ಆಸ್ಪತ್ರೆಯ ಡಾಕ್ಟರಲ್ಲ,
ಬೆಡ್‌ಪ್ಯಾನು ಎತ್ತುವ ಕೈ.
ಆ ಮಾತ್ರೆ ಒಳಗೆ ಹೋದರೆ ಉಚ್ಚೆ ಕಿತ್ತಳೆ.
ಕಿತ್ತಳೆ ಯಾವತ್ತೋ ತಿಳಿಯಾದದ್ದನ್ನು
ಬಚ್ಚಲ ಬೆಳಕಿಗೆ ಓರೆ ಮಾಡಿ ನೋಡಿದಳು.
ಬೈಯಲಿಲ್ಲ. ಅಣ್ಣನ ಕಿವಿಗೆ ಹಾಕಲಿಲ್ಲ.
ಲೋಟ ತಂದು ಮಗ್ಗುಲಲ್ಲಿ ಕೂತಳು.
"ಬಾಯ್ ತಗಿ."
ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು
ತುಟಿಯೊಳಗೇ ಅಂದಳು:
"ಕರ್ತನೇ, ಇದು ಇಳೀಲಿ."
"ಇದೂ ಇಳೀಲಿ."
ಮೂರಕ್ಕೆ ಮೂರು ಪ್ರಾರ್ಥನೆ, ಮೊದಲಿಂದ ಎಣಿಸಿ
ಹದಿನೆಂಟು ತಿಂಗಳು, ಒಂದು ದಿನ ತಪ್ಪದೆ,
ಅವಳ ತಾಯಿ ತೀರಿಹೋದ ದಿನವೂ.

ದೇವರು ಮುಟ್ಟಿದ್ದು ಎಲ್ಲಿ ಅಂತ ಕೇಳಿದರೆ
ಗಂಟಲು ತೋರಿಸಿಯೇನು.
ಬೆಳ್ಳುಳ್ಳಿ ವಾಸನೆಯಿತ್ತು.

ಮೈಕು ಕೀರಿತು. ಎಲ್ಲರೂ ಕಾಯುತ್ತಿದ್ದರು.
"ನಮ್ಮತ್ಗೆ ನನ್ ಉಚ್ಚೆ ನೋಡಿದ್ಲು," ಅಂದೆ.
ಹಿಂದಿನ ಸಾಲಿನ ಹುಡುಗರು ಕಿಸಕ್ಕಂದರು.
ಪಾಸ್ಟರು ಅವಸರದಲ್ಲಿ "ಸ್ತೋತ್ರ, ಸ್ತೋತ್ರ" ಅಂದು
ಕೈಯಿಂದ ಮೈಕು ಬಿಡಿಸಿಕೊಂಡರು.
ಎಸ್ತೇರಮ್ಮ ಸೆರಗು ಬಾಯಿಗೊತ್ತಿ
ಹೆಗಲು ಕುಲುಕುವಂತೆ ನಗುತ್ತಿದ್ದಳು.

ಆ ರಾತ್ರಿಯೂ ನಿದ್ದೆ ಹತ್ತಲಿಲ್ಲ.
ಹಿಂಜಿದ ಹಾಸಿಗೆ ಉಬ್ಬಿದ ರೊಟ್ಟಿ,
ನನ್ನ ಬೆನ್ನು ತನ್ನ ತಗ್ಗನ್ನು ಹುಡುಕಿ ಸೋತಿತು.
ಬಲವಂತ ಮಾಡಿ ಅವಳನ್ನು ಮೇಲೆ ಮಲಗಿಸಿ
ಅಷ್ಟು ವರ್ಷ ಅವಳು ಸವೆಸಿದ ಚಾಪೆಗೆ ನಾನಿಳಿದೆ.
ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿಯ ಹುಳಿ ಗಾಳಿ.
ಎರಡು ಗಂಟೆಗೆ, ದಿನದ ಹಾಗೆ,
ನಿದ್ದೆಗಣ್ಣಲ್ಲೇ ಎದ್ದು ಕೂತಳು,
ನನ್ನ ಮಗ್ಗುಲು ಬದಲಿಸಲು
ಖಾಲಿ ಹಾಸಿಗೆ ತಡವಿದಳು.

"ತಿರುಗ್ಕೊಂಡಿವ್ನಿ," ಅಂದೆ ಕೆಳಗಿಂದ.
"ಮಲಕ್ಕೊ ಅತ್ಗೆ."