ಆಡು ಮುಟ್ಟದ ಬಳ್ಳಿ

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ.
ಒಂದಿದೆ.
ಜೋಗಿಮಟ್ಟಿಯ ಬಂಡೆ ಸಂದಿಯಲ್ಲಿ
ಕಾರೆಮುಳ್ಳಿಗೆ ಸುತ್ತಿಕೊಂಡಿತ್ತು.
ಗಾದ್ರಪ್ಪ ಕೋಲು ಚಾಚಿ ತೋರಿಸಿದ:
"ಮುಳ್ಳಾದ್ರೂ ತಿಂತವೆ ಅಕ್ಕ, ಇದನ್ನ ಮೂಸಲ್ಲ."
ಜಗಿದು ನೋಡಿದೆ. ಮೊದಲಿಗೆ ಏನೂ ಇಲ್ಲ.
ಇಳಿಜಾರಿಗೆ ಬರುವಷ್ಟರಲ್ಲಿ ಹೊಟ್ಟೆ ತೊಳೆಸಿ
ಬಂಡೆ ಹಿಡಿದು ಕೂತೆ.
ಅವನ ಮೇಕೆಗಳೆಲ್ಲ ನಿಂತು ನೋಡಿದವು,
ಮೊದಲೇ ಗೊತ್ತಿದ್ದವರ ಹಾಗೆ.

ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು,
ದಾವಣಗೆರೆ ಬಸ್ಸಿನ ಕಿಟಕಿ ಮುಚ್ಚಿ
ಬಾಣಂತಿಯಂತೆ ತಂದೆ.

ಬ್ಲೀಚಿನಲ್ಲಿ ಮೀಯಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ,
ಎಲೆಯನ್ನು ಉಗುರಿನಷ್ಟಗಲ ಕತ್ತರಿಸಿ
ಸಕ್ಕರೆ ಬೆರೆಸಿದ ಅಗರ್ ಮೇಲೆ ಮಲಗಿಸಿದೆ.
ನಲವತ್ತು ಬಾಟಲಿ.
ವಾರದೊಳಗೆ ಮೂವತ್ತೊಂದಕ್ಕೆ ಬೂಸ್ಟು.
ಕೀಟಾಣು ಕೊಲ್ಲುವ ಬಳ್ಳಿಗೇ ಬೂಸ್ಟು!
ಬಾಟಲಿ ತೊಳೆಯುತ್ತ ಅಟೆಂಡರ್ ರುದ್ರಮುನಿ ನಕ್ಕ:
"ವೈದ್ಯರ ಮನೇಲೇ ಜ್ವರ ಬಿಡ್ರಿ ಮೇಡಂ."

ಉಳಿದ ಒಂಬತ್ತರಲ್ಲಿ
ಎಲೆ ಅಲ್ಲ, ಬೇರಲ್ಲ, ಕಾಂಡವೂ ಅಲ್ಲ,
ನೀರಲ್ಲಿ ನೆನೆದ ಮಂಡಕ್ಕಿಯಂಥ
ಮಾಸಲು ಮುದ್ದೆ.
ಏನಾಗಬೇಕೆಂದು ಇನ್ನೂ ತೀರ್ಮಾನಿಸದೆ
ಸುಮ್ಮನೆ ದಪ್ಪವಾಗುತ್ತಿತ್ತು.

ಆಸ್ಪತ್ರೆಯಿಂದ ಬಂದದ್ದು ಎಂಟುನೂರ ಹದಿನೇಳು.
ಹೆಸರಿಲ್ಲ. ಯಾರದೋ ಪಾದದ ಹುಣ್ಣು.
ನಾಲ್ಕು ಬಗೆಯ ಮಾತ್ರೆ ಅರಗಿಸಿಕೊಂಡ ಕೀಟಾಣು.
ತಟ್ಟೆಯ ತುಂಬ ಹರಡಿ
ಒಂದು ಬಿಲ್ಲೆಗೆ ಕಾಡಿನ ಎಲೆಯ ರಸ,
ಇನ್ನೊಂದಕ್ಕೆ ಮುದ್ದೆಯದು.
ರಾತ್ರಿ ಎರಡು ಸಲ ಕರೆಂಟು ಹೋಯಿತು.
ಎರಡು ಸಲವೂ ಎದ್ದು
ಆ ಪಾದ ಈಗ ಯಾವ ವಾರ್ಡಿನಲ್ಲಿದೆಯೋ ಅಂದುಕೊಂಡೆ.

ಬೆಳಿಗ್ಗೆ, ಎಲೆಯ ಸುತ್ತ ತಿಳಿಯಾದ ಬಯಲು:
ಹದಿನೇಳು ಮಿಲಿಮೀಟರ್.
ಮುದ್ದೆಯ ಸುತ್ತ ಒಂಬತ್ತು.
ಬಿಲ್ಲೆಯೇ ಆರು. ಕಳೆದರೆ ಮೂರು.
ಸ್ಕೇಲು ಒರೆಸಿ ಮತ್ತೆ ಅಳೆದೆ. ಮೂರೇ.

ಬಿಸಿಲು ಕಾಣದ್ದು, ಹುಳ ಕಚ್ಚದ್ದು,
ಆಡಿನ ಬಿಸಿಯುಸಿರು ಒಮ್ಮೆಯೂ ತಾಗದ್ದು.
ಅದಕ್ಕೆ ಯಾರ ಮೇಲೆ
ಈ ಮೂರು ಮಿಲಿಮೀಟರ್ ಸಿಟ್ಟು?

ಆರನೇ ಬಾಟಲಿ ಹಿಡಿದು ಜೋಗಿಮಟ್ಟಿಗೆ ಹೋದೆ.
ಗಾದ್ರಪ್ಪ ಮುಚ್ಚಳ ತೆಗೆದು ಬಗ್ಗಿ ನೋಡಿದ.
"ಇದು ಅದೇನಾ? ಎಲೆ ಎಲ್ಲೈತೆ?"
"ಇನ್ನೂ ಹುಟ್ಟಿಲ್ಲ."
"ಹುಟ್ಟದೇ ಇರೋದು ಕಹಿ ಎಲ್ಲಿಂದ ಕಲೀತು?"
ಉತ್ತರ ಹುಡುಕುತ್ತಿದ್ದೆ.
ಅಷ್ಟರಲ್ಲಿ ಅವನ ಕಪ್ಪು ಹೋತ ಮೂತಿ ತೂರಿಸಿ
ಮುದ್ದೆ, ಅಗರ್, ಸಕ್ಕರೆ ಸಮೇತ
ನೆಕ್ಕಿ ಮುಗಿಸಿ, ಗಡ್ಡ ಅಲ್ಲಾಡಿಸಿತು.
ಗಾದ್ರಪ್ಪ ಅದರ ಕಿವಿ ಹಿಂಡಿದ. ಮತ್ತೆ ನನ್ನನ್ನೇ ನೋಡಿದ.
ಸಂಜೆಯವರೆಗೆ ಅದನ್ನೇ ಕಾದೆವು.
ಏನೂ ಆಗಲಿಲ್ಲ, ಮೇಯಲು ಹೋಯಿತು.
ಬಳ್ಳಿಯನ್ನು ಮಾತ್ರ
ಎಂದಿನಂತೆ ಸುತ್ತಿ ಬಳಸಿಯೇ ಹೋಯಿತು.

ರಾತ್ರಿ ದಾಖಲೆ ಪುಸ್ತಕ ತೆರೆದೆ.
ಬಾಟಲಿ ಆರು: ನಷ್ಟ.
ಕಾರಣದ ಅಂಕಣದಲ್ಲಿ ಮೇಲಿಂದ ಕೆಳಗೆ
ಬೂಸ್ಟು, ಬೂಸ್ಟು, ಬೂಸ್ಟು.
ಪೆನ್ನು ಸ್ವಲ್ಪ ಹೊತ್ತು ತಡೆಯಿತು.
ಆಡು, ಎಂದು ಬರೆದೆ.