ಗ್ಯಾರಂಟಿ ಎಷ್ಟ ವರ್ಷ

ಕಸ್ತೂರಬಾಯಿ ಕೇಳ್ತಾಳ,
ಕೈಗಿನ್ನೂ ಹಿಟ್ಟು ಹತ್ತ್ಯದ:
"ಬೋರ್ಡ್ ಎಷ್ಟ ವರ್ಷ ಬಾಳ್ತದ, ಅಂಬಾರಾಯ?
ನನ್ನ ಕಡಕ್ ರೊಟ್ಟಿ ಎರಡ ತಿಂಗಳು.
ಬೇಕಂದ್ರ ಬರದು ಕೊಡ್ತೀನಿ."

ನಾ ಬರದು ಕೊಡೋ ಹಂಗಿಲ್ಲ ಬಾಯಿ.
ಮೊದಲು ಹೇಳು, ನಿನ್ನ ಅಂಗಡಿ ಮಾರಿ ಯಾವ ಕಡಿಗದ?
ಮೂಡಲಕ್ಕಿದ್ರ ನಿನ್ನ ಪುಣ್ಯ.
ಪಡುವಣಕ್ಕಿದ್ರ
ಮಧ್ಯಾಹ್ನ ಎರಡರಿಂದ ಸಂಜಿ ಆರರ ತನಕ
ಕಲಬುರಗಿ ಬಿಸಲು ಒಂದೊಂದೇ ಅಕ್ಷರ ಓದ್ತದ,
ಓದಿದ್ದು ಓದಿದಂಗ ಅಳಸ್ತದ.

ಕೆಂಪು ಮೊದಲು ಹೋಗ್ತದ.
ಎಲ್ಲಾರೂ ಕೆಂಪೇ ಕೇಳ್ತಾರ.
ಹಳದಿ ಅದರ ಬೆನ್ನಿಗೇ.
ನೀಲಿ ಹಟಮಾರಿ.
ಅದಕ್ಕ ನೋಡು, ಸ್ಟೇಷನ್ ರೋಡಿನ ಖಾನಾವಳಿ ಬೋರ್ಡಿನ್ಯಾಗ
ಟೊಮೆಟೊ ನೀಲಿ, ಚಟ್ನಿ ನೀಲಿ,
ಮಾಲಕರ ಮಾರೀನೂ ನೀಲಿ.

ಫ್ಲೆಕ್ಸ್ ಅಂತೀಯಾ?
ಒಂದು ಬ್ಯಾಸಗಿ, ಒಂದು ಗಾಳಿ.
ಮಿರಗಕ್ಕ ಮೊದಲು ಬರ್ತದಲ್ಲ, ಆ ಗಾಳಿ.
ನಡಬರ್ಕ ನಾಕು ಸೀಳು ಕೊಯ್ದಿಡ್ರಿ, ಗಾಳಿಗೂ ಹಾದಿ ಬೇಕು ಅಂತ
ಚಂದ್ರಶಾಗ ಹೇಳಿದೆ. ರೊಕ್ಕ ಕೊಟ್ಟು ತೂತ್ಯಾಕ ಅಂದ.
ಅವನ ಬೋರ್ಡ್ ಹಾರಿ ಎದುರಿಗಿನ ದವಾಖಾನಿ ಮ್ಯಾಲ ಕುಂತು
ಹಲ್ಲಿನ ಡಾಕ್ಟರು ಒಂದು ದಿನ ಪೂರಾ
ಬೋರವೆಲ್ ಪೈಪ್ ಮಾರಿದ್ರು.

ಖರೇ ಅಂದ್ರ ಫ್ಲೆಕ್ಸು ಇಳಿಸಿದ ಮ್ಯಾಲೇ ಜಾಸ್ತಿ ಬಾಳ್ತದ.
ಹೋದ ಚುನಾವಣ್ಯಾಗ ಸೋತವರೊಬ್ರು
ಶಹಾಬಜಾರದ ಮಾಳಗಿ ಮ್ಯಾಲ
ಇನ್ನಾ ಕೈ ಮುಕ್ಕೊಂಡೇ ಮಲಗ್ಯಾರ,
ಮೈತುಂಬ ಮೆಣಸಿನಕಾಯಿ ಹೊದ್ದು.

ದಾಲ್ ಮಿಲ್ ಕಡಿ ಇದ್ರ ತೊಗರಿ ಹೊಟ್ಟು ಬಂದು ಅಂಟ್ತದ,
ಒಣ ಅರಬಿಲೆ ತಿಕ್ಕಬ್ಯಾಡ, ಬಣ್ಣ ಗೀರ್ತದ.
ಮೊದಲು ನೀರು, ಆಮ್ಯಾಲ ಕೈ.
ಮತ್ತ ಮೊಳಿ. ಮೊಳಿ ಮರೀಬ್ಯಾಡ.
ಬೋರ್ಡ್ ಸಾಯೋದು ನಡುವಿನಿಂದಲ್ಲ, ಮೂಲಿಯಿಂದ.

ನಮ್ಮ ಉಸ್ತಾದ ಬಂದಗಿಸಾಬ
ತಗಡಿಗಿ ಎರಡು ಕೈ ರೆಡ್ ಆಕ್ಸೈಡ್ ಹೊಡದು
ನೆರಳಾಗ ಎರಡು ದಿನ ಒಣಗಸ್ತಿದ್ದ,
ಬಣ್ಣಕ್ಕ ಅಗಸಿ ಎಣ್ಣಿ ಕಲಸ್ತಿದ್ದ.
ಗಿರಾಕಿ ಹೊರಗ ಕುಂತು ಬೈತಿದ್ದ.

ಊರಿನ ಹೆಸರು ಬದಲಾದ ವರ್ಷ
ನನಗ ತಿಂಗಳಾನುಗಟ್ಲೆ ಅದೇ ಕೆಲಸ.
ನಿಚ್ಚಣಿಕಿ ಏರು, ಗುಲ್ಬರ್ಗಾದ ಮ್ಯಾಲ ಬಿಳಿ ಬಳಿ,
ಕಲಬುರಗಿ ಬರಿ, ಇಳಿ.
ಕೆರದು ತಿಕ್ಕಿ ಮಾಡಲಿಕ್ಕ ವ್ಯಾಳ್ಯಾ ಎಲ್ಲಿತ್ತು?
ಮೂರು ಬ್ಯಾಸಗಿಗಿ
ಕಿರಾಣಾ ಬಜಾರದ ಸೈಕಲ್ ಅಂಗಡಿ ಮ್ಯಾಲ
ನನ್ನ ಅಕ್ಷರ ಹಪ್ಪಳದಂಗ ಎದ್ದು ಉದರಿ
ಕೆಳಗಿನಿಂದ ಉಸ್ತಾದನ "ಗು" ಹಣಕಿ ಹಾಕ್ತು,
ನಿನ್ನೆ ಬರದಂಗ, ನೆರಳಿನ ಗೆರಿ ಸುದ್ದಾ.

ಮುದುಕನ್ನ ಕರಕೊಂಡು ಹೋಗಿ ತೋರಿಸ್ದೆ.
ಕಣ್ಣಿಗಿ ಪೊರಿ ಬಂದಿತ್ತು,
ಹೆಬ್ಬಟ್ಟಿನ ಉಗುರಿಲೆ ಮುಟ್ಟಿ ಓದ್ದ.
ಆಗಿನ ಬಣ್ಣದಾಗ ಸೀಸ ಇತ್ತು ಬೇಟಾ, ಅಂದ.
ಅದಕ್ಕ ಅದು ಹೋಗವಲ್ದು.
ನನ್ನ ಎಲುಬಿನ್ಯಾಗೂ ಅದ.
ನಕ್ಕ. ಮುಂದ ಬಾಳೊತ್ತು ಕೆಮ್ಮಿದ.

ಕಸ್ತೂರಬಾಯಿ ಎಲ್ಲಾ ಕೇಳಿ,
ಕರೀ ಅಕ್ಷರ ಸಾಕು, ಅಂದಳು.
ಜೋಳದ ಬಣ್ಣದ ಮ್ಯಾಲ.
ಮೂಲಿಗಿ ಛೊಲೊ ಸ್ಕ್ರೂ ಹಾಕು, ರೊಕ್ಕ ಕೊಡ್ತೀನಿ.
ಫೋನ್ ನಂಬರ್ ಬರಿಬ್ಯಾಡ,
ನನ್ನ ಮಗ ತಿಂಗಳಿಗೊಮ್ಮಿ ಸಿಮ್ ಬದಲಸ್ತಾನ.

ಅಡ್ವಾನ್ಸ್ ಜೋಡಿ ಹತ್ತು ರೊಟ್ಟಿ ಕಟ್ಟಿ ಕೊಟ್ಟಳು.
ಕಾಗದದ ಮ್ಯಾಲ ಪೆನ್ಸಿಲ್ಲಿಲೆ ಇವತ್ತಿನ ತಾರೀಖು.

ಉಸ್ತಾದ ಮಾಡ್ತಿದ್ದಂಗ ನಾನೂ ಮಾಡ್ದೆ:
ತಗಡಿನ ಹಿಂದ, ಗ್ವಾಡಿ ಕಡಿ,
ಬಿಸಲು ಎಂದೂ ಓದದ ಜಾಗದಾಗ
ತಾರೀಖು ಹಾಕಿದೆ.
ಉಳಿದಿದ್ದ ಕೆಂಪಿನಾಗ.